ಮಡಿಗೊಂದು ಲ್ಯಾಬ್ ರಿಪೋರ್ಟ್

ನಮ್ಮ ನಾಡಿನಲ್ಲಿ ವಿಜ್ಞಾನಕ್ಕೆ ಮರ್ಯಾದೆ ಇಲ್ಲ ಎನ್ನುವವರಿಗೆ ನಾಚಿಕೆಯಾಗಬೇಕು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಕಡೆಯ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದೇ ತಡ, ಕೆಲವು ಮಠಗಳು ಬೇಡವೆಂದವು, ಜೀವಶಾಸ್ತ್ರದ ಪುಸ್ತಕ ಮುಟ್ಟದವರೂ ಕೊಲೆಸ್ಟರಾಲ್ ಕುರಿತು ಪ್ರವಚನಕ್ಕಿಳಿದರು. ‘ಮೊಟ್ಟೆ ಪಾಪ’ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರ ನಂಬಿಕೆ, ಅವರ ಎಲೆ. ಆದರೆ ಈಗ ಪಾಪಕ್ಕೂ ಲ್ಯಾಬ್ ರಿಪೋರ್ಟ್ ಬೇಕು.

ಕೆಲವರಿಗೆ ಸಮಾನತೆಯ ಚಿಂತೆ. ಒಬ್ಬ ಮೊಟ್ಟೆ, ಅದು ಬೇಡವೆಂದ ಪಕ್ಕದವನು ಬದಲಿಗೆ ಬಾಳೆಹಣ್ಣು ತಿಂದರೆ ಮಕ್ಕಳಲ್ಲಿ ಭೇದಭಾವ ಹುಟ್ಟುತ್ತದಂತೆ. ನಮ್ಮ ಊಟದ ಪಂಕ್ತಿಗೆ ಭೇದವನ್ನು ತಂದದ್ದು ಕೋಳಿಯೇ ಎಂದು ಆಗ ತಿಳಿಯಿತು! ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೊಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಚಿಲ್ಲರೆ. ಈ ಭೇದ ಮಾತ್ರ ಯಾರ ಕಣ್ಣಿಗೂ ಚುಚ್ಚಲಿಲ್ಲ.

ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಯಾದಗಿರಿಯ ಮೊಟ್ಟೆ ತಿಂದ ಮಕ್ಕಳನ್ನೂ ಗದಗದ ತಿನ್ನದ ಮಕ್ಕಳನ್ನೂ ತೂಗಿ ನೋಡಿದರು. ತಿಂದವರ ತೂಕ ಹೆಚ್ಚು ಏರಿತ್ತು. (ತಕ್ಕಡಿ ಉಲ್ಟಾ ಹೇಳಿದ್ದರೆ ಮೊಟ್ಟೆಪರರಾದ ನಾವು ಒಪ್ಪುತ್ತಿದ್ದೆವೇ ಎಂದು ಕೇಳಬೇಡಿ, ನಮ್ಮದೂ ಒಂದು ಮಠವಿದೆ.)

ಆದರೆ ತಕ್ಕಡಿಗಿಂತ ಸಮಿತಿ ದೊಡ್ಡದು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯದ ತಜ್ಞರು ತಯಾರಿಸಿದ ವರದಿಯೊಂದು ಕಂಡುಕೊಂಡ ಸತ್ಯ ಇದು: ಭಾರತೀಯರ ಮೈಕಟ್ಟು ಸಣ್ಣದು; ಮೊಟ್ಟೆ, ಮಾಂಸ ಪದೇ ಪದೇ ತಿಂದರೆ ಕೊಲೆಸ್ಟರಾಲ್‌ನಿಂದ ಬರುವ ಹೆಚ್ಚಿನ ಶಕ್ತಿ ಕಾಯಿಲೆ ತರುತ್ತದೆ. ಕೊಲೆಸ್ಟರಾಲನ್ನು ಉರಿಸಿ ದೇಹ ಶಕ್ತಿ ಪಡೆಯುವುದೇ ಇಲ್ಲ. ಇರಲಿ, ಅದು ಸಾಮಾನ್ಯ ಕೊಲೆಸ್ಟರಾಲ್, ಸಮಿತಿಯದು ಪವಾಡದ್ದು. ಇನ್ನು ಮೈಕಟ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟು ಎತ್ತರವಿರಲಿಲ್ಲ. ಮೈ ಸಣ್ಣದು, ಅದಕ್ಕೇ ಮೊಟ್ಟೆ ಬೇಡ. ಮೊಟ್ಟೆ ಇಲ್ಲ, ಅದಕ್ಕೇ ಮೈ ಸಣ್ಣದು. ಇಷ್ಟು ಗಟ್ಟಿ ತರ್ಕವನ್ನು ಒಡೆಯಲು ಯಾವ ಅಧ್ಯಯನಕ್ಕೆ ಸಾಧ್ಯ?

ಗಂಗಾವತಿಯ ಹುಡುಗಿಯೊಬ್ಬಳು, ಮೊಟ್ಟೆ ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಕ್ಯಾಮೆರಾ ಮುಂದೆ ಗುಡುಗಿದ್ದಳು. ಅವಳನ್ನು ಸಮಿತಿಗೆ ಸೇರಿಸಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಹಣ ಕೊಟ್ಟಿತು, ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಸಣ್ಣ ಮೈಕಟ್ಟಿನ ಮಕ್ಕಳು ಈಗ ಕೊಲೆಸ್ಟರಾಲ್‌ನಿಂದ ಪಾರಾಗುವುದು ಭಾನುವಾರ ಮಾತ್ರ. ಅದೂ ಮನೆಯಲ್ಲಿ ಕೋಳಿಸಾರು ಮಾಡದಿದ್ದರೆ.