ಕುಡಿಯದವರಿಗೂ ಒಂದು ಬೆಂಚು

ಇಟಲಿಯ ವೈನ್ ಸೀಮೆಗೆ ಹೋಗಿ ಒಂದು ತೊಟ್ಟೂ ಬಾಯಿಗೆ ಬಿಟ್ಟುಕೊಳ್ಳದೆ ಬಂದೆವು ಅಂದರೆ ಕೇಳಿದವರಿಗೆ ಎರಡೇ ಅನುಮಾನ. ಒಂದೋ ಇವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ದುಡ್ಡು ದಂಡ ಮಾಡಿಕೊಂಡು ಬಂದಿದ್ದಾರೆ. ಎರಡೂ ಅಲ್ಲ. ಮಗಳು ಟುರಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಂದ ದಕ್ಷಿಣಕ್ಕೆ ಗಂಟೆಗಿಂತ ಸ್ವಲ್ಪ ಹೆಚ್ಚು ಕಾರು ಓಡಿಸಿದರೆ ಲಾಂಗೆ ಎಂಬ ಗುಡ್ಡಗಳ ನಾಡು. ಬರೋಲೊ, ಬಾರ್ಬರೆಸ್ಕೊ ಎಂಬ ಹೆಸರಾಂತ ಕೆಂಪು ವೈನುಗಳ ತವರು ಅದು. ನಮ್ಮನೆಯವರು ಮದ್ಯದ ವಾಸನೆಗೇ ತಲೆನೋವು ಬರಿಸಿಕೊಳ್ಳುವವರು. ನಾನೋ, ದ್ರಾಕ್ಷಿ ಇರುವುದು ಪಾಯಸಕ್ಕೆ ಹಾಕುವುದಕ್ಕೆ ಎಂದು ತಿಳಿದು ಬೆಳೆದವಳು. ಇಂಥ ಜೋಡಿಯನ್ನು ಅಲ್ಲಿಗೆ ಕರೆದೊಯ್ಯುವ ಧೈರ್ಯ ಹೆತ್ತ ಮಗಳಿಗಲ್ಲದೆ ಇನ್ಯಾರಿಗೆ ಬಂದೀತು?

ಲಾ ಮೊರ್ರಾ ಎಂಬ ಊರು ಐನೂರು ಮೀಟರಿಗೂ ಎತ್ತರದಲ್ಲಿ, ಗುಡ್ಡದ ನೆತ್ತಿಯಲ್ಲಿದೆ. ಅಲ್ಲಿನ ಚೌಕದ ಕಟಕಟೆಗೆ ಒರಗಿ ನಿಂತರೆ ಕೆಳಗೆ ಬಳ್ಳಿಯ ಸಾಲುಗಳು, ಗುಡ್ಡಕ್ಕೊಂದು ಊರು, ಊರಿಗೊಂದು ಗೋಪುರವೋ ಕೋಟೆಯೋ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಆಲ್ಪ್ಸ್ ಸಾಲು, ಅದರಲ್ಲಿ 3,841 ಮೀಟರ್ ಎತ್ತರದ ಮೊನ್ವಿಸೊ ಶಿಖರ. ಇದನ್ನೆಲ್ಲ ನೋಡಿ ನಮ್ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಗುಡ್ಡ ಸರಿ, ಕಾಡೆಲ್ಲಿ?"

ಪ್ರಶ್ನೆ ದಡ್ಡತನದ್ದಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಚಳಿಗಾಲದ ಹಿಮ ಮೊದಲು ಕರಗುತ್ತದೆ. ಬಿಸಿಲು ಹೆಚ್ಚು ಬೀಳುವ ಆ ಜಾಗವೆಲ್ಲ ನೆಬ್ಬಿಯೋಲೊ ಎಂಬ ದ್ರಾಕ್ಷಿಗೆ ಮೀಸಲು. ಬಿಸಿಲು ಕಡಿಮೆ ಇರುವ ಮಗ್ಗುಲಲ್ಲಿ ಹೇಝಲ್‌ನಟ್ ತೋಟ, ಅದಕ್ಕೂ ಒಗ್ಗದ ಕೊರಕಲಿನಲ್ಲಿ ಅಷ್ಟಿಷ್ಟು ಕಾಡು. ಅಂದರೆ ನಾವು 'ಪ್ರಕೃತಿ ಸೌಂದರ್ಯ' ಎಂದು ಫೋಟೋ ತೆಗೆಯುತ್ತಿದ್ದುದರಲ್ಲಿ ಪ್ರಕೃತಿಯ ಪಾಲು ಕಡಿಮೆ, ರೈತರ ಪಾಲೇ ಹೆಚ್ಚು. 2014ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಕಾಡು ಕಣಿವೆಗಾಗಿ ಅಲ್ಲ, ತಲೆಮಾರುಗಳಿಂದ ಉತ್ತು ನೆಟ್ಟು ಕತ್ತರಿಸಿ ರೂಪ ಕೊಟ್ಟ ಈ ತೋಟಗಳ ಭೂದೃಶ್ಯಕ್ಕಾಗಿ.

"ಇಲ್ಲಿಂದ ಬರೋಲೊ ಊರಿಗೆ ಒಂದು ಸಣ್ಣ ವಾಕ್ ಅಮ್ಮಾ, ಬರೀ ಇಳಿಜಾರು" ಎಂದಳು ಮಗಳು. ಈಗಿನ ಮಕ್ಕಳ 'ಸಣ್ಣ' ಎಂಬ ಅಳತೆಯನ್ನು ಯಾವ ತೂಕ ಮಾಪನ ಇಲಾಖೆಯೂ ಒಪ್ಪಲಾರದು. ಇಳಿಯುವುದೂ ಮಂಡಿಗೆ ಒಂದು ಕೆಲಸವೇ ಎಂಬುದು ಮೂವತ್ತರ ಒಳಗಿನವರಿಗೆ ಗೊತ್ತಿರುವುದಿಲ್ಲ. ನಾವು ಕೋಲು ಊರಿಕೊಂಡು ಇಳಿಯುತ್ತಿದ್ದರೆ, ನಮಗಿಂತ ಹಿರಿಯರು ಬ್ಯಾಟರಿ ಸೈಕಲ್ಲಿನ ಮೇಲೆ ಗಿಳಿಹಸಿರು ಟೀ ಶರ್ಟು ತೊಟ್ಟು, ಬೆವರಿನ ಸುಳಿವಿಲ್ಲದೆ, "ಬೊಂಜೋರ್ನೊ" ಎನ್ನುತ್ತಾ ಏರು ಹತ್ತುತ್ತಿದ್ದರು. ನಮ್ಮನೆಯವರು ಪ್ರತಿಸಲವೂ ನಿಂತು, ಕೈಮುಗಿದು ಉತ್ತರಿಸಿದರು. ನಿಲ್ಲಲು ಅವರಿಗೆ ಒಂದು ನೆಪ ಬೇಕಿತ್ತು, ಅಷ್ಟೆ.

ಅಕ್ಟೋಬರ್ ತಿಂಗಳು. ನೆಬ್ಬಿಯೋಲೊ ತಡವಾಗಿ ಹಣ್ಣಾಗುವ ಜಾತಿ, ಆಗಿನ್ನೂ ಕೊಯ್ಲು ನಡೆದಿತ್ತು. ಕಡಿದಾದ ಇಳಿಜಾರಿನಲ್ಲಿ ಯಂತ್ರದ ಆಟ ನಡೆಯುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ಒಬ್ಬಾಕೆ ಎಡಗೈಯಲ್ಲಿ ಗೊಂಚಲನ್ನು ತಳದಿಂದ ಎತ್ತಿ ಹಿಡಿದು, ಬಲಗೈಯ ಕತ್ತರಿಯಿಂದ ತೊಟ್ಟು ಕತ್ತರಿಸಿ, ಗೊಂಚಲನ್ನೊಮ್ಮೆ ತಿರುಗಿಸಿ ನೋಡಿ, ಕೊಳೆತ ಒಂದೆರಡು ಕಾಳನ್ನು ಉದುರಿಸಿ, ಕ್ರೇಟಿನೊಳಗೆ ಮೆಲ್ಲಗೆ ಇಡುತ್ತಿದ್ದಳು. ಎಸೆಯುತ್ತಿರಲಿಲ್ಲ. ಸಾಲಿನ ತುದಿಯಲ್ಲಿ ಗುಲಾಬಿ ಗಿಡ. ಅಂದಕ್ಕೆ ಎಂದುಕೊಂಡಿದ್ದೆ. ಬೂದಿ ರೋಗ ಬಳ್ಳಿಗಿಂತ ಮೊದಲು ಗುಲಾಬಿಯಲ್ಲಿ ಕಾಣಿಸಿಕೊಳ್ಳುತ್ತದೆಂದು ಹಿಂದಿನವರು ನೆಡುತ್ತಿದ್ದರಂತೆ. ಹೂವಿಗೂ ಇಲ್ಲಿ ಡ್ಯೂಟಿ.

ದಾರಿಯ ನಡುವೆ, ಬ್ರುನಾತೆ ಎಂಬ ತೋಟದಲ್ಲಿ ಕೆಂಪು, ಹಳದಿ, ನೀಲಿ ಬಳಿದ ಪುಟ್ಟ ಪ್ರಾರ್ಥನಾ ಮಂದಿರವೊಂದಿದೆ. ನಮ್ಮನೆಯವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೇ ನಿಂತರು. ಆದರೆ ಅಲ್ಲಿ ಪೂಜೆ ಎಂದೂ ನಡೆದೇ ಇಲ್ಲ! 1914ರಲ್ಲಿ ಕಟ್ಟಿದ ಈ ಕಟ್ಟಡ, ಆಲಿಕಲ್ಲು ಮಳೆ ಬಂದಾಗ ತೋಟದ ಆಳುಗಳು ಓಡಿಬಂದು ನಿಲ್ಲುತ್ತಿದ್ದ ಆಸರೆ. ಪಾಳುಬಿದ್ದಿದ್ದ ಅದಕ್ಕೆ 1999ರಲ್ಲಿ ಹೊರಗೆ ಸಾಲ್ ಲೆವಿಟ್, ಒಳಗೆ ಡೇವಿಡ್ ಟ್ರೆಮ್ಲೆಟ್ ಎಂಬ ಇಬ್ಬರು ಕಲಾವಿದರು ಬಣ್ಣ ಕೊಟ್ಟರು. ಈಗ ಮಳೆಯಿಲ್ಲದಿದ್ದರೂ ಜನ ಬರುತ್ತಾರೆ, ಸೆಲ್ಫಿಗೆ.

ಊಟದ ಹೊತ್ತಿಗೆ ಸಸ್ಯಾಹಾರದ ಪರೀಕ್ಷೆ. ಬೆಳ್ಳುಳ್ಳಿ, ಎಣ್ಣೆಯ ಬಿಸಿ ಬಿಸಿ 'ಬಾನ್ಯ ಕೌಡಾ'ದಲ್ಲಿ ತರಕಾರಿ ಅದ್ದಿ ತಿನ್ನುವುದೆಂದರೆ ನಮಗೆ ಹೇಳಿ ಮಾಡಿಸಿದ ತಿಂಡಿ ಎಂದುಕೊಳ್ಳುವಷ್ಟರಲ್ಲಿ, ಅದರಲ್ಲಿ ಪುಡಿ ಮೀನು ಕರಗಿದೆ ಎಂದು ಮಗಳು ತಡೆದಳು. ಕೊನೆಗೆ ಉಳಿದದ್ದು 'ತಾಯರಿನ್'. ಮೊಟ್ಟೆಯ ಹಳದಿ ಧಾರಾಳವಾಗಿ ಹಾಕಿ ಕಲಸಿದ ಹಿಟ್ಟಿನ, ಶಾವಿಗೆಗಿಂತ ತುಸು ದಪ್ಪದ ಎಳೆಗಳು. ಮೊಟ್ಟೆಯ ಮಟ್ಟಿಗೆ ನಾವು ಉದಾರಿಗಳು. ಅದರ ಮೇಲೆ ಇದೇ ಸೀಮೆಯ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ತುರಿಯುತ್ತಾರೆ. ಟ್ರಫಲ್ ಎಂದರೆ ಮರದ ಬೇರಿನ ನಂಟಿನಲ್ಲಿ ನೆಲದೊಳಗೆ ಬೆಳೆಯುವ ಅಣಬೆ. ಪಳಗಿದ ನಾಯಿಯ ಜತೆ ರಾತ್ರಿ ಹೊತ್ತು ಹೋಗಿ ಅಗೆಯುವ ಹಳಬರಿದ್ದಾರೆ. ರಾತ್ರಿಯೇ ಏಕೆಂದರೆ, ತನ್ನ ಜಾಗ ಇನ್ನೊಬ್ಬನ ಕಣ್ಣಿಗೆ ಬೀಳಬಾರದು. ಮಗನಿಗೂ ಸಾಯುವ ಮುನ್ನವಷ್ಟೇ ಹೇಳುವ ಗುಟ್ಟು ಅದು ಎಂದು ಅಲ್ಲಿನವರ ತಮಾಷೆ.

ಮಾಣಿ ಗಾಜಿನ ಮುಚ್ಚಳ ಎತ್ತಿದ. ಹಳೆಯ ಇಂಗಿನ ಡಬ್ಬಿ ತೆರೆದಂಥ ಘಾಟು ಮೇಜಿನ ತುಂಬ ಹರಡಿತು. ಆತ ಗಡ್ಡೆಯನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ತೂಕ ತೋರಿಸಿದ, ತುರಿಯಲು ಶುರು ಮಾಡಿದ. ತುರಿದ ಮೇಲೆ ಮತ್ತೆ ತೂಗುತ್ತಾನೆ, ಕಡಿಮೆಯಾದ ಗ್ರಾಮಿಗೆ ನಾವು ದುಡ್ಡು ತೆರಬೇಕು. ಮಗಳು ಯೂರೋದಲ್ಲಿ ರೇಟು ಹೇಳಿದಳು, ನಮ್ಮನೆಯವರು ಮನಸ್ಸಿನಲ್ಲೇ ರೂಪಾಯಿ ಮಾಡಿಕೊಂಡರು. ಮುಂದಿನ ಚೂರು ಬೀಳುವ ಮೊದಲೇ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರು. ಮಾಣಿ ನಗಲಿಲ್ಲ. ಇಂಥ ಕೈಗಳನ್ನು ಆತ ಬಹಳ ನೋಡಿರಬೇಕು.

ಈ ಸಿರಿ ಹೊಸದು. ಎರಡನೆಯ ಮಹಾಯುದ್ಧದ ಆಚೀಚೆ ಲಾಂಗೆ ಎಂದರೆ ಬಡತನ. ಆಲ್ಬಾದವನೇ ಆದ ಬೆಪ್ಪೆ ಫೆನೋಲ್ಯೊ 1954ರಲ್ಲಿ ಬರೆದ 'ಲಾ ಮಲೋರಾ' ಕಾದಂಬರಿ, ಹೊಟ್ಟೆಪಾಡಿಗೆ ಪರರ ಹೊಲಕ್ಕೆ ಜೀತಕ್ಕೆ ಹೋದ ಹುಡುಗನ ಕತೆ. ಯುದ್ಧ ಮುಗಿದಾಗ ಕೋಕೊ ದುಬಾರಿ, ಗುಡ್ಡದ ತುಂಬ ಹೇಝಲ್‌ನಟ್. ಆಲ್ಬಾದ ಪಿಯೆತ್ರೊ ಫೆರೆರೊ 1946ರಲ್ಲಿ ಕೋಕೊ ಕಡಿಮೆ ಮಾಡಿ ಕಾಯಿ ಹೆಚ್ಚಿಸಿ ಮಾಡಿದ ಮಿಠಾಯಿಯೇ ಬೆಳೆದು 1964ರಲ್ಲಿ ನುಟೆಲ್ಲಾ ಆಯಿತು. ಕಂಪನಿಯ ಬಸ್ಸುಗಳು ಗುಡ್ಡದ ಊರುಗಳಿಂದ ಕೆಲಸಗಾರರನ್ನು ಕರೆತಂದು ಮತ್ತೆ ಬಿಡುತ್ತಿದ್ದವು. ಹೀಗಾಗಿ ಜನ ಹೊಲ ಮಾರಿ ಪೇಟೆ ಸೇರಲಿಲ್ಲ. ದೋಸೆಗೆ ಚಟ್ನಿ ಒಲ್ಲೆ, ನುಟೆಲ್ಲಾ ಬೇಕು ಎಂದು ಹಟ ಹಿಡಿಯುವ ನನ್ನ ಮೊಮ್ಮಗನಿಗೂ ಈ ಗುಡ್ಡಗಳಿಗೂ ಅಷ್ಟರಮಟ್ಟಿಗೆ ನಂಟಿದೆ.

ಇನ್ನು ಬೆಂಚು. ಬಿಎಂಡಬ್ಲ್ಯು ಕಾರುಗಳ ವಿನ್ಯಾಸದ ಮುಖ್ಯಸ್ಥನಾಗಿದ್ದ ಅಮೆರಿಕದ ಕ್ರಿಸ್ ಬ್ಯಾಂಗಲ್ ಆ ಕೆಲಸ ಬಿಟ್ಟು ಲಾಂಗೆಯ ಕ್ಲವೆಸಾನಕ್ಕೆ ಬಂದು ನೆಲೆಸಿದ. 2010ರಲ್ಲಿ ಅಲ್ಲೊಂದು ಕೆಂಪು ಬೆಂಚು ಕಟ್ಟಿಸಿದ. ಮಾಮೂಲಿ ಪಾರ್ಕಿನ ಬೆಂಚೇ, ಆದರೆ ದೈತ್ಯರಿಗೆ ಮಾಡಿದ್ದು. ಜನಕ್ಕೆ ಎಷ್ಟು ಹಿಡಿಸಿತೆಂದರೆ ಈಗ ಅಂಥವು ನೂರಾರು, ಒಂದೊಂದಕ್ಕೆ ಒಂದೊಂದು ಬಣ್ಣ. ನಕ್ಷೆ ಆತನದು, ಉಚಿತ. ಖರ್ಚು ಕಟ್ಟಿಸುವವರದು. ಒಳ್ಳೆಯ ನೋಟವಿರುವ, ಯಾರು ಬೇಕಾದರೂ ಹೋಗಬಹುದಾದ ಜಾಗವಾಗಿರಬೇಕು ಎಂಬುದು ಷರತ್ತು. ಹತ್ತಿದ ಬೆಂಚುಗಳಿಗೆ ಮುದ್ರೆ ಒತ್ತಿಸಿಕೊಳ್ಳಲು ಒಂದು ಪುಟ್ಟ ಪಾಸ್‌ಪೋರ್ಟು ಕೂಡ ಸಿಗುತ್ತದೆ.

"ರೀ, ಜೋಪಾನ" ಎನ್ನುತ್ತ ನಾನು ಕೆಳಗಿಂದ, ಮಗಳು ಮೇಲಿಂದ ಸೇರಿ ಅವರನ್ನು ಹತ್ತಿಸಿದೆವು. ಆಮೇಲೆ ಸೀರೆ ಎತ್ತಿ ಕಟ್ಟಿ ನಾನೂ ಹತ್ತಿದೆ. ಕಾಲು ನೆಲಕ್ಕೆ ಎಟುಕುವುದಿಲ್ಲ. ಎಪ್ಪತ್ತರ ಹತ್ತಿರದ ಇಬ್ಬರು ಕಾಲು ಅಲ್ಲಾಡಿಸುತ್ತಾ ಕೂತೆವು. ಎಂಥವರನ್ನೂ ಮಕ್ಕಳಾಗಿಸುವುದೇ ಈ ಬೆಂಚಿನ ಉದ್ದೇಶವಂತೆ. ನಮ್ಮನೆಯವರು ಫೋನು ತೆಗೆಯಲಿಲ್ಲ, ಮುಂದೆ ಏನು ನೋಡುವುದಿದೆ ಎಂದೂ ಕೇಳಲಿಲ್ಲ. ಬರೋಲೊ ಆಗಬೇಕಾದರೆ ಆ ದ್ರಾಕ್ಷಾರಸ ಕಡೇಪಕ್ಷ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಾಯಬೇಕೆಂದು ಕಾನೂನೇ ಇದೆ. ಅಂಥ ನಾಡಿನಲ್ಲಿ ಒಂದು ಗಂಟೆ ಸುಮ್ಮನೆ ಕೂರಲಾಗದಿದ್ದರೆ ಹೇಗೆ?

ಲಾಂಗೆಗೆ ಹೋಗುವವರಿಗೆ ನನ್ನದು ಇಷ್ಟೇ ಮಾತು. ಊರುಗಳ ಪಟ್ಟಿ ಹಿಡಿದು ಓಡಬೇಡಿ, ನಾಲ್ಕು ಕೋಟೆ ಬಿಟ್ಟರೂ ನಷ್ಟವಿಲ್ಲ. ತೋಟದಲ್ಲಿ ದಾರಿ ಬಿಟ್ಟು ಕಾಲಿಡಬೇಡಿ, ಹಣ್ಣು ಕೀಳಬೇಡಿ, ಅದು ಒಬ್ಬರ ವರ್ಷದ ದುಡಿಮೆ. ಕುಡಿಯುವುದು ಬಿಡುವುದು ನಿಮಗೆ ಬಿಟ್ಟದ್ದು. ಬೆಂಚು ಹತ್ತಲು ಟಿಕೆಟ್ ಇಲ್ಲ, ಆದ್ದರಿಂದ ಇಳಿದ ಮೇಲೆ ಊರಿನ ಅಂಗಡಿಯಲ್ಲಿ ಒಂದು ತುಂಡು ಹೇಝಲ್‌ನಟ್ ಕೇಕನ್ನಾದರೂ ಕೊಂಡು ತಿನ್ನಿ.