ಅಣುವನ್ನು ಅಳೆಯದೇ ಅಳೆಯುವುದು ಹೇಗೆ?

ಎಂ.ಎಸ್ಸಿ. ಸೆಮಿನಾರಿಗೆ ‘ಎಲೆಕ್ಟ್ರಾನ್ ವಿವರ್ತನೆಯಿಂದ ಅನಿಲದ ಅಣುಗಳ ರಚನೆ’ ಎಂಬ ಚೀಟಿ ಬಂತೇ? ಹೆದರಬೇಡಿ. ಇಂಡಿಯಿಂದಲೋ ಸಿಂದಗಿಯಿಂದಲೋ ವಿಜಯಪುರದ ಬಸ್ಸು ಹತ್ತಿ. ಇಳಿಯುವಷ್ಟರಲ್ಲಿ ನೀವು ತಜ್ಞರು. ಮುದ್ದೇಬಿಹಾಳದವರು ಬಸವನ ಬಾಗೇವಾಡಿ ತನಕ ನಿದ್ದೆ ಹೊಡೆಯಬಹುದು.

ಮೊದಲು ಯಂತ್ರವನ್ನು ವರ್ಣಿಸಿ. ನೋಡಿಲ್ಲದಿದ್ದರೆ ಒಳ್ಳೆಯದೇ, ನೋಡಿದವರು ತಡವರಿಸುತ್ತಾರೆ. ನಿರ್ವಾತದೊಳಗೆ ಸಣ್ಣ ನಳಿಕೆಯಿಂದ ಅನಿಲ ಚಿಮ್ಮುತ್ತದೆ. 60,000 ವೋಲ್ಟಿನ ಒತ್ತಡಕ್ಕೆ ಓಡಿಬಂದ ಎಲೆಕ್ಟ್ರಾನುಗಳು ಅದನ್ನು ಹಾಯ್ದು ಪ್ಲೇಟಿನ ಮೇಲೆ ಉಂಗುರ ಬರೆಯುತ್ತವೆ. ಅವುಗಳ ತರಂಗಾಂತರ ಸುಮಾರು 0.05 ಆಂಗ್‌ಸ್ಟ್ರಾಮ್. ‘ಆ ದಿನ ಕರೆಂಟ್ ಇರಲಿಲ್ಲ’ ಎಂದು ಸೇರಿಸಿ. ನಮ್ಮ ಕಡೆ ಇದಕ್ಕೆ ಸಾಕ್ಷಿ ಬೇಕಿಲ್ಲ.

ಈಗ ಪ್ಲೇಟು. ರೂಪಾಯಿ ನಾಣ್ಯ, ಅವ್ವನ ಬಳೆ, ಊಟದ ತಾಟು ತನ್ನಿ. ಕರಿ ಹಾಳೆಯ ಮೇಲಿಟ್ಟು ಸುತ್ತಲೂ ಸೀಮೆಸುಣ್ಣ ಎಳೆಯಿರಿ. ಆಮೇಲೆ ಹೆಬ್ಬೆರಳಿನಿಂದ ಹಗುರಾಗಿ ಒರೆಸಿ, ಅಂಚು ಮಂಕಾಗಬೇಕು. ಚೂಪಾದ ಉಂಗುರ ಹರಳಿನ ಪುಡಿಯದ್ದು. ಅನಿಲದಲ್ಲಿ ಅಣುಗಳು ಸಾಲು ನಿಲ್ಲುವುದಿಲ್ಲ, ಸಂತೆಯ ಮಂದಿಯಂತೆ ಚದುರಿರುತ್ತವೆ. ನಡುವಿನ ಕಣ್ಣುಕುಕ್ಕುವ ಬೆಳಕನ್ನು ತಗ್ಗಿಸುವ ತಿರುಗು ಸೆಕ್ಟರ್ ಎಲ್ಲಿ ಎಂದು ಕೇಳಿದರೆ, 1930ರಲ್ಲಿ ಈ ಪ್ರಯೋಗವನ್ನು ಮೊದಲು ಮಾಡಿದ ಹರ್ಮನ್ ಮಾರ್ಕ್, ರೈಮುಂಡ್ ವೀರ್ಲ್ ಅವರಿಗೆ ಅದೆಲ್ಲಿತ್ತು ಎಂದು ತಿರುಗಿ ಕೇಳಿ.

ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಲೆಕ್ಕ ಆಮೇಲೆ. ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕಾರ್ಬನ್–ಕ್ಲೋರಿನ್ ಅಂತರ 1.77 ಆಂಗ್‌ಸ್ಟ್ರಾಮ್. ನೀವು 1.764 ಎನ್ನಿ, ಚೂರು ತಪ್ಪಿದ್ದರೆ ಮಾಡಿದ ಪ್ರಯೋಗದಂತೆ ಕಾಣುತ್ತದೆ. ಆದರೆ ಕ್ಲೋರಿನ್–ಕ್ಲೋರಿನ್ ಅಂತರವನ್ನು ಬೇರೆಯಾಗಿ ಊಹಿಸಬೇಡಿ, ಹುಡುಗರು ಸಿಕ್ಕಿಬೀಳುವುದೇ ಇಲ್ಲಿ. ಅಣು ಚತುರ್ಮುಖಿ, 1.633ರಿಂದ ಗುಣಿಸಿ 2.88 ಬರೆಯಿರಿ. ಸುಳ್ಳಿಗೂ ರೇಖಾಗಣಿತ ಬೇಕು.

ಕೊನೆಗೆ ಅಭಿಮಾನ ಉಕ್ಕಿಸಿ. ಸಿ.ಎನ್.ಆರ್. ರಾವ್ ಅಮೆರಿಕದ ಪರ್ಡ್ಯೂನಲ್ಲಿ ರಾಬರ್ಟ್ ಲಿವಿಂಗ್‌ಸ್ಟನ್ ಬಳಿ ಇದೇ ವಿದ್ಯೆ ಕಲಿತರು, 1958ರಲ್ಲಿ ಪಿಎಚ್.ಡಿ. ಪಡೆದರು; ಇಬ್ಬರೂ ಸೇರಿ ಮೀಥೈಲ್ ಅಜೈಡ್ ಅಣುವಿನ ರಚನೆ ಬಿಡಿಸಿದರು. ಅದು ಸಿಡಿಯುವ ಪದಾರ್ಥ ಎಂಬುದನ್ನು ಮಾತ್ರ ಹೇಳಬೇಡಿ, ಯಾರಾದರೂ ಮಾಡಿ ತೋರಿಸು ಅಂದಾರು. ರಾವ್ ಹೈಸ್ಕೂಲು ಓದಿದ್ದು ಬಸವನಗುಡಿಯಲ್ಲಿ. ಬಸವನ ಹೆಸರಿರುವುದರಿಂದ ಬಾಗೇವಾಡಿಯವರು ಧಾರಾಳವಾಗಿ ‘ನಮ್ಮವರು’ ಎನ್ನಬಹುದು.

ಚಪ್ಪಾಳೆ ನಿಲ್ಲುವ ಮುನ್ನ ಕುಳಿತುಬಿಡಿ. ಅಷ್ಟರಲ್ಲೇ ಹಿಂದಿನ ಬೆಂಚಿನವನು ಎದ್ದು, ‘ಸರ್ರ, ಎರಡನೇ ಉಂಗುರದಾಗ ಹೂವಿನ ಡಿಸೈನ್ ಐತಲ್ರೀ?’ ಎಂದರೆ ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡು, ‘ಅದು ಅಣುವಿನ ಕಂಪನ’ ಎನ್ನಿ. ಮತ್ತು ಸಂಜೆ ಮರೆಯದೆ ಬಳೆ ವಾಪಸ್ ಕೊಡಿ.