ಜೀರ್ಣನೌಕಾಕ್ರಯ ಮೀಮಾಂಸೆ

ಅಧಿಕಾರಿನಿರೂಪಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಮನುಷ್ಯನ ಎದೆಗಾರಿಕೆಗೆ ಎರಡೇ ಪರೀಕ್ಷೆಗಳನ್ನು ವಿಧಿಸಿದ ನಮ್ಮ ಹಿರಿಯರು, ಹಳೆಯ ಬಾರ್ಜು ಕೊಂಡು ನೋಡು ಎಂಬ ಮೂರನೆಯದನ್ನು ಸೇರಿಸದೆ ಬಿಟ್ಟುದು ಅಜ್ಞಾನದಿಂದಲ್ಲ, ಕರುಣೆಯಿಂದ ಎಂಬುದು ಪ್ರಕೃತ ಗ್ರಂಥಕರ್ತನ ದೃಢವಾದ ಅಭಿಪ್ರಾಯ. ಆ ಕರುಣೆ ಯೂರೋಪಿನ ಕಾಲುವೆಗಳ ದಡದವರಿಗೆ ಲಭಿಸಲಿಲ್ಲವಾಗಿ, ಕಲ್ಲಿದ್ದಲು, ಮರಳು, ಧಾನ್ಯಗಳನ್ನು ತಲೆಮಾರುಗಳ ಕಾಲ ಹೊತ್ತು, ಕಡೆಗೆ ರೈಲಿಗೂ ಲಾರಿಗೂ ಸೋತು ನಿವೃತ್ತವಾದ ಸರಕುನಾವೆಗಳನ್ನು ಹುಡುಕಿ, ಕೊಂಡು, ಅವುಗಳ ಒಡಲಲ್ಲಿ ಸಂಸಾರ ಹೂಡುವ ಸಂಪ್ರದಾಯವೊಂದು ಅಲ್ಲಿ ಬೆಳೆದು ನಿಂತಿದೆ. ಆಮ್‌ಸ್ಟರ್‌ಡಾಮ್ ನಗರವೊಂದರಲ್ಲಿಯೇ ಸುಮಾರು 2,500 ನೌಕಾಗೃಹಗಳುಂಟು. ಇಷ್ಟು ಜನರ ಯೋಗಕ್ಷೇಮಕ್ಕೆ ಸಂಬಂಧಿಸಿದ ವಿಷಯಕ್ಕೆ ಶಾಸ್ತ್ರವೊಂದಿಲ್ಲದಿರುವುದು ವಿದ್ವಲ್ಲೋಕಕ್ಕೆ ಅಪಕೀರ್ತಿಕರವಾದುದರಿಂದ, ಈಜು ಬಾರದಿದ್ದರೂ ಗ್ರಂಥರಚನೆಯನ್ನು ಬಲ್ಲ ನಾವು ಈ ಕಾರ್ಯಕ್ಕೆ ಕೈಹಾಕಿರುವೆವು.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬಾಡಿಗೆಯ ಮನೆಯಲ್ಲಿ ವೈರಾಗ್ಯ ಹುಟ್ಟಿದವನು. ಸ್ವಂತ ಮನೆಯ ಬೆಲೆ ಕೇಳಿ ಆ ವೈರಾಗ್ಯ ಬಲಿತವನು. ತಲೆ ತಗ್ಗಿಸಿ ನಡೆಯುವ ವಿನಯಶಾಲಿ. ವಿನಯವಿಲ್ಲದವನಿಗೆ ನಾವೆಯ ತೊಲೆಗಳೇ ಅದನ್ನು ಉಪದೇಶಿಸುವುವು. ಪ್ರಯೋಜನವೇನೆಂದರೆ, ಭೂಮಿಯ ಋಣ ಹರಿಯುವುದು, ಅದೂ ಜೀವಂತವಾಗಿರುವಾಗಲೇ.

ಲಕ್ಷಣವಿಚಾರ

ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ 'ಯುಕ್ತಿಕಲ್ಪತರು' ಗ್ರಂಥವು ನಾವೆಗಳನ್ನು ಅವುಗಳ ಕೋಣೆಗಳ ಸ್ಥಾನವನ್ನನುಸರಿಸಿ ವಿಂಗಡಿಸುತ್ತದೆ. ಉದ್ದಕ್ಕೂ ಕೋಣೆಯುಳ್ಳ ಸರ್ವಮಂದಿರಾ ರಾಜನ ಬೊಕ್ಕಸ, ಕುದುರೆ, ಅಂತಃಪುರದವರ ಸಾಗಣೆಗೆ. ನಡುವೆ ಮಾತ್ರ ಉಳ್ಳ ಮಧ್ಯಮಂದಿರಾ ವಿಹಾರಕ್ಕೆ. ಮುಂಗಡೆಯಲ್ಲಿ ಉಳ್ಳ ಅಗ್ರಮಂದಿರಾ ದೂರಯಾನಕ್ಕೂ ಯುದ್ಧಕ್ಕೂ ಯೋಗ್ಯ. ಹಾಲೆಂಡಿನ ಬಾರ್ಜುಗಳಲ್ಲಾದರೋ ಮುಂದಿನ ವಿಶಾಲಭಾಗವೆಲ್ಲ ಸರಕಿನದು; ನಾವಿಕನ ಸಂಸಾರಕ್ಕೆಂದು ಬಿಟ್ಟ ಕಿರುಗೋಣೆ ಹಿಂಭಾಗದಲ್ಲಿ. ಆದಕಾರಣ ಪೃಷ್ಠಮಂದಿರಾ ಎಂಬ ನಾಲ್ಕನೆಯ ಜಾತಿಯೊಂದನ್ನು, ಭೋಜರಾಜನ ಕ್ಷಮೆ ಬೇಡಿ, ನಾವು ಸೇರಿಸಿರುವೆವು. ಕೊಂಡವನು ಸರಕಿನ ಉಗ್ರಾಣದಲ್ಲಿ ಅಡಿಗೆಮನೆ, ಮಲಗುವ ಮನೆ, ಪುಸ್ತಕದ ಕಪಾಟು ಇತ್ಯಾದಿಗಳನ್ನು ಕಟ್ಟಿಸುತ್ತ ಅದನ್ನು ಕ್ರಮೇಣ ಸರ್ವಮಂದಿರೆಯನ್ನಾಗಿ ಪರಿವರ್ತಿಸುವನು. ಬೊಕ್ಕಸವನ್ನು ಸಾಗಿಸುವುದೆಂಬ ಶಾಸ್ತ್ರೋಕ್ತ ಲಕ್ಷಣವು ಅಲ್ಲಿ ಚೆನ್ನಾಗಿ ಅನ್ವಯಿಸುತ್ತದೆ, ಬಡಗಿಯ ಮನೆಯ ದಿಕ್ಕಿಗೆ.

ಸಮುದ್ರಯಾನದ ನಾವೆಗಳ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಕೂಡದು, ಕಡಲೊಳಗಿನ ಅಯಸ್ಕಾಂತಶಿಲೆಗಳು ಅವನ್ನು ಸೆಳೆದುಕೊಳ್ಳುವುವು ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮೊದಲು ಕಬ್ಬಿಣ, ಅನಂತರ ಉಕ್ಕು, ಹೀಗೆ ಆಪಾದಮಸ್ತಕ ಲೋಹಮಯವಾದ ಡಚ್ ನಾವೆಗಳ ಗತಿಯೇನೆಂದರೆ, ಹಾಲೆಂಡಿನ ಕಾಲುವೆಗಳಲ್ಲಿ ಶಿಲೆಯೆಂಬುದೇ ದುರ್ಲಭವಾದುದರಿಂದ ದೋಷವಿಲ್ಲ ಎಂದು ಸಮಾಧಾನ.

ಗಾತ್ರದ ವಿಷಯದಲ್ಲಿ ಸ್ವಾತಂತ್ರ್ಯವಿಲ್ಲ. ಫ್ರಾನ್ಸಿನ ಸಚಿವ ಫ್ರೇಸಿನೆಯು 1879ರಲ್ಲಿ, ನಾವೆಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ ಲಾಕುಗಳಿಗೆ 39 ಮೀಟರ್ ಉದ್ದ, 5.20 ಮೀಟರ್ ಅಗಲ ಎಂದು ಪ್ರಮಾಣವನ್ನು ನಿಗದಿಮಾಡಿದನು. ಅದಕ್ಕೆ ಹೊಂದಿಕೊಂಡು ಬೆಳೆದ ಪೆನಿಶ್ ಎಂಬ ನಾವೆಯ ಅಗಲ 5.05 ಮೀಟರ್. ಎಂದರೆ, ಎರಡು ಪಕ್ಕಗಳಲ್ಲಿಯೂ 7.5 ಸೆಂಟಿಮೀಟರ್ ಮಾತ್ರ ಬಿಟ್ಟುಕೊಂಡು, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಗೃಹಸ್ಥನು ತನ್ನ ಮನೆಯನ್ನು ಕಲ್ಲುಗೋಡೆಗಳ ನಡುವೆ ತೂರಿಸತಕ್ಕದ್ದು. ಇಂಗ್ಲೆಂಡಿನ ಕಿರಿದಾದ ಕಾಲುವೆಗಳ ಲಾಕುಗಳಲ್ಲಿ ಅಗಲ ಸುಮಾರು 7 ಅಡಿ. ಪೆನಿಶನ್ನು ಕೊಂಡು ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಲೆಳಸುವವನಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ.

ಪ್ರಮಾಣಪರೀಕ್ಷೆ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳಲ್ಲಿ ಶಬ್ದವನ್ನು, ಎಂದರೆ ಮಾರುವವನ ಮಾತನ್ನು, ಮೊದಲೇ ತಳ್ಳಿಹಾಕಬೇಕು, ಅವನು ಆಪ್ತನಲ್ಲ. ಉಪಮಾನವೂ ಸಲ್ಲದು, ಒಂದು ಹಳೆಯ ನಾವೆಯಂತೆ ಇನ್ನೊಂದು ತುಕ್ಕು ಹಿಡಿಯುವುದಿಲ್ಲ. ಪ್ರತ್ಯಕ್ಷವು ಹೊಸ ಬಣ್ಣವೆಂಬ ಮಾಯೆಯಿಂದ ಆವೃತವಾಗಿರುತ್ತದೆ. ಆ ಆವರಣವನ್ನು ಭೇದಿಸುವುದಕ್ಕಾಗಿ ನಾವೆಯನ್ನು ಒಣಕಟ್ಟೆಗೆ ಏರಿಸಿ, ತಳದ ಪಾಚಿಯನ್ನು ತೊಳೆದು, ಸರ್ವೇಯರನೆಂಬ ತತ್ತ್ವದರ್ಶಿಯು ಸುತ್ತಿಗೆಯಿಂದ ತಟ್ಟಿ ಆಲಿಸುತ್ತಾನೆ. ಬಳಿಕ ಶ್ರವಣಾತೀತ ಧ್ವನಿಯ ಉಪಕರಣದಿಂದ ತಗಡಿನ ದಪ್ಪವನ್ನು ಅಳೆಯುತ್ತಾನೆ. 4 ಮಿಲಿಮೀಟರಿಗಿಂತ ತೆಳುವಾದಲ್ಲಿ ವಿಮೆಯವರು ಸಾಮಾನ್ಯವಾಗಿ ಮುಖ ತಿರುಗಿಸುವರಾಗಿ, ಹಳೆಯ ತಗಡಿನ ಮೇಲೆ ಹೊಸ ತಗಡನ್ನು ಬೆಸೆಯುವ ವಿಧಿಯುಂಟು. ಆಗ ನಾವೆಯ ಭಾರ ಹೆಚ್ಚಿ ಅದು ಇನ್ನಷ್ಟು ಆಳಕ್ಕೆ ಇಳಿಯುವುದು. ಈ ಪರೀಕ್ಷೆಯ ವೆಚ್ಚವೆಲ್ಲ ಕೊಳ್ಳುವವನದು. ಅವನು ಹಣ ತೆತ್ತು ಪಡೆಯುವ ಮೊದಲ ವಸ್ತು ನಾವೆಯಲ್ಲ, ಜ್ಞಾನ.

ಇನ್ನು ಅನುಮಾನ. ಪರ್ವತದಲ್ಲಿ ಹೊಗೆಯನ್ನು ಕಂಡ ತಾರ್ಕಿಕನು ಬೆಂಕಿಯನ್ನು ಊಹಿಸಿ ತೃಪ್ತನಾಗಿ ಮನೆಗೆ ಹೋಗುವನು; ಡೀಸೆಲ್ ಎಂಜಿನ್ನಿನ ಮುಂದೆ ಅಷ್ಟು ಸಾಲದು, ಹೊಗೆಯ ವರ್ಣವನ್ನೂ ವಿಚಾರಿಸತಕ್ಕದ್ದು. ನೀಲವಾದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಸುಡುತ್ತಿದೆ. ಕಪ್ಪಾದರೆ ಇಂಧನವು ಪೂರ್ತಿಯಾಗಿ ಉರಿಯುತ್ತಿಲ್ಲ. ಬಿಳುಪು ಬಿಡದಿದ್ದರೆ ನೀರು ಒಳಹೊಕ್ಕಿರಬಹುದು. ಹೊಗೆಯೇ ಇಲ್ಲದೆ ಎಂಜಿನ್ ಬೆಚ್ಚಗಿದ್ದರೆ, ನೀವು ಬರುವ ಮುನ್ನ ಮಾರುವವನು ಬಹಳ ಹೊತ್ತು ಶ್ರಮಿಸಿದ್ದಾನೆಂದು ತಿಳಿಯತಕ್ಕದ್ದು.

ಶೌಚವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆ ವಿಷಯದಲ್ಲಿ ನೌಕಾವಾಸಿಗಳಲ್ಲಿ ಏಕಾಭಿಪ್ರಾಯವಿಲ್ಲ. ಮೌನಿಗಳಂತೂ ಒಬ್ಬರೂ ಇಲ್ಲ.

ತೀರಸಿದ್ಧಾಂತ

ಇಲ್ಲಿ ಪೂರ್ವಪಕ್ಷ: ನಾವೆಯನ್ನು ಕೊಂಡವನಿಗೆ ನೆಲದ ಹಂಗೇಕೆ? ಉತ್ತರ: ನಾವೆಯನ್ನು ಎಲ್ಲಿ ಕಟ್ಟುವಿರಿ? ಕಟ್ಟದೆ ಚಲಿಸುತ್ತಿರುವೆವು ಎನ್ನುವವರಿಗೆ ಇಂಗ್ಲೆಂಡಿನಲ್ಲಿ 1995ರ ಜಲಮಾರ್ಗ ಶಾಸನವು ಅನುಮತಿ ಕೊಟ್ಟಿದೆ. ಆದರೆ ಸಕಾರಣವಿಲ್ಲದೆ ಒಂದೇ ಠಾವಿನಲ್ಲಿ 14 ದಿನಗಳಿಗಿಂತ ಹೆಚ್ಚು ನಿಲ್ಲಲಾಗದು. ಪರಿವ್ರಾಜಕರಿಗೆ ಯೋಗ್ಯವಾದ ಈ ನಿಯಮವು ಶಾಲೆಗೆ ಹೋಗುವ ಮಕ್ಕಳಿರುವ ಗೃಹಸ್ಥರಿಗೆ ದುರ್ವಹ. ನಿಲ್ಲಬೇಕೆಂಬವನು ದಡದಲ್ಲಿ ತಂಗುದಾಣವನ್ನು ಸಂಪಾದಿಸಬೇಕು. ಲಂಡನ್, ಆಮ್‌ಸ್ಟರ್‌ಡಾಮ್‌ಗಳಲ್ಲಿ ನಾವೆಗಳು ಬೇಕಾದಷ್ಟುಂಟು, ದಡವಿಲ್ಲ. ತಂಗುದಾಣ ಸಹಿತವಾಗಿ ಮಾರಾಟಕ್ಕಿರುವ ನಾವೆಯ ಬೆಲೆಯಲ್ಲಿ ಬಹುಭಾಗ ಕಬ್ಬಿಣದ್ದಲ್ಲ, ಅದನ್ನು ಕಟ್ಟಿದ ಗೂಟದ್ದು. ಆದುದರಿಂದ, ನೆಲವನ್ನು ತ್ಯಜಿಸಬೇಕೆಂಬವನು ಮೊದಲು ನೆಲದ ಅಂಚನ್ನು ಕೊಳ್ಳಬೇಕೆಂಬುದೂ, ಅಂಚು ನಡುವಿಗಿಂತ ದುಬಾರಿಯೆಂಬುದೂ, ನಾವೆಯು ಈ ವ್ಯವಹಾರದಲ್ಲಿ ನಿಮಿತ್ತಮಾತ್ರವೆಂಬುದೂ ಸಿದ್ಧವಾಯಿತು.

ದೃಷ್ಟಾಂತಕ್ಕೆ ಸ್ಕಾಟಿಷ್ ಗ್ರಂಥಕರ್ತನಾದ ರಾಬರ್ಟ್ ಲೂಯಿ ಸ್ಟೀವನ್ಸನ್. ಅವನೂ ಅವನ ಗೆಳೆಯರೂ ಯೂರೋಪಿನ ಕಾಲುವೆಗಳಲ್ಲಿ ತೇಲುತ್ತಲೇ ಮುಪ್ಪನ್ನು ಕಾಣಬೇಕೆಂದು ಫ್ರಾನ್ಸಿನ ಮೋರೆ ಎಂಬ ಊರಿನಲ್ಲಿ 'ಕೊಲೋನಿನ ಹನ್ನೊಂದು ಸಾವಿರ ಕನ್ಯೆಯರು' ಎಂಬ ಬಾರ್ಜೊಂದನ್ನು ಸಿಂಗರಿಸಿದರು. ಹೆಸರಿನಲ್ಲಿ ಅಷ್ಟು ಮಂದಿಯಿದ್ದರೂ ನಾವೆ ದಡ ಬಿಟ್ಟು ಕದಲಲಿಲ್ಲ. ಸಿಂಗಾರವಾದ ತಾಣದಲ್ಲಿಯೇ ಕೊಳೆಯಿತು. ಕಡೆಗೆ ಕುಪಿತನಾದ ಬಡಗಿಯು ಅದನ್ನು, ಸ್ಟೀವನ್ಸನ್ನನು ಮೊದಲ ಗ್ರಂಥದಲ್ಲಿ ವರ್ಣಿಸಿದ ಎರಡು ಕಿರುದೋಣಿಗಳ ಸಮೇತ, ಮಾರಿಬಿಟ್ಟನು. ಪಾಮರರು ಇದನ್ನು ವೈಫಲ್ಯವೆನ್ನುವರು; ದಡವೇ ಸಾರವೆಂಬುದನ್ನು ಇಷ್ಟು ನಿಷ್ಠೆಯಿಂದ ಆಚರಿಸಿದವರನ್ನು ನಾವಂತೂ ಪೂರ್ವಾಚಾರ್ಯರೆಂದು ವಂದಿಸುವೆವು. ಪೆನೆಲೊಪಿ ಫಿಟ್ಸ್‌ಜೆರಾಲ್ಡ್ ಎಂಬಾಕೆ ವಾಸವಾಗಿದ್ದ ಥೇಮ್ಸ್ ನದಿಯ ಹಳೆಯ ಬಾರ್ಜು ಮುಳುಗಿತು. ಆ ಜೀವನದಿಂದ ಹುಟ್ಟಿದ ಕಾದಂಬರಿಗೆ 1979ರಲ್ಲಿ ಬುಕರ್ ಬಹುಮಾನ ಬಂದಿತು. ಮುಳುಗಿದಲ್ಲೆಲ್ಲ ಬಹುಮಾನ ಎಂದು ವ್ಯಾಪ್ತಿಯನ್ನು ಕಲ್ಪಿಸಬಾರದು; ನೌಕಾವಾಸಿಯು ಫಿಟ್ಸ್‌ಜೆರಾಲ್ಡ್ ಆಗಿರಬೇಕೆಂಬ ಉಪಾಧಿಯುಂಟು.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಾತಃಕಾಲದಲ್ಲಿ ಒಮ್ಮೆ ಪಠಿಸಿದವನು ಮಾರಾಟದ ಜಾಹೀರಾತುಗಳ ಮೋಹದಿಂದ ಸಂಜೆಯವರೆಗೆ ಪಾರಾಗುವನು. ಎರಡಾವರ್ತಿ ಪಠಿಸಿದವನಿಗೆ ಬಣ್ಣದ ಕೆಳಗಣ ತುಕ್ಕು ಗೋಚರವಾಗುವುದು. ಮೂರಾವರ್ತಿ ಪಠಿಸಿದವನು ಸರ್ವೇಯರನ ವರದಿಯನ್ನು ಕಡೆಯ ಪುಟದವರೆಗೂ ಓದುವನು. ಏನನ್ನೂ ಪಠಿಸದೆ ಕೊಂಡವನು ಇದರ ಒಂದು ಪ್ರತಿಯನ್ನು ನಾವೆಯಲ್ಲಿ ಒಣಗಿರುವ ಜಾಗ ಎಲ್ಲಿಯಾದರೂ ಉಳಿದಿದ್ದರೆ ಅಲ್ಲಿಟ್ಟು, ತನ್ನಿಂದ ಅದನ್ನು ಕೊಳ್ಳಲು ಬರುವವನ ಕಣ್ಣಿಗೆ ಬೀಳದಂತೆ ಕಾಪಾಡತಕ್ಕದ್ದು.